ಮದುವೆಗೆ ಹೋದ ಪ್ರೊಸೆಸರ್

ಮದುವೆ ವಿಡಿಯೊ ಜೋಡಿಸುವ ಅಂಗಡಿಯಲ್ಲಿ ನಗು ಹುಡುಕಬೇಕಿಲ್ಲ. ಅದು ತಾನಾಗಿಯೇ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ಗಂಗಾವತಿ ಪೇಟೆಯಲ್ಲಿ ಚಾಚಾರ ಸ್ಟುಡಿಯೊ. ಎಡಿಟಿಂಗ್ ನನ್ನದು. ಈಗ ಎಲ್ಲವೂ ಫೋನಿನಲ್ಲೇ ಮುಗಿಯುತ್ತದೆ. ಆದರೂ ಆ ಹಳೆಯ ಕಂಪ್ಯೂಟರಿನ ಫ್ಯಾನಿನ ಗುಂಯ್ ಸದ್ದು ಕಿವಿ ಬಿಟ್ಟಿಲ್ಲ.

ಪಾಸ್‌ಪೋರ್ಟ್ ಫೋಟೊ

ಮೊದಲ ಕಂಪ್ಯೂಟರಿಗೆ ಒಂದು ಹೊತ್ತಿಗೆ ಒಂದೇ ಕೆಲಸ. ಮದುವೆ ವಿಡಿಯೊ ತಯಾರಿಸಲು ಹಚ್ಚಿದರೆ ಬೇರೆ ಯಾವುದಕ್ಕೂ ಕಿವಿಗೊಡುತ್ತಿರಲಿಲ್ಲ. ಆಗಲೇ ಶಾಲೆಯ ಮಾಸ್ತರೊಬ್ಬರು ಪಾಸ್‌ಪೋರ್ಟ್ ಫೋಟೊಗೆ ಬಂದರು.

“ಈಗ ಆಗೂದಿಲ್ರೀ ಸರ. ಕಂಪ್ಯೂಟರ್ ಮದುವ್ಯಾಗ ಐತಿ,” ಅಂದರು ಚಾಚಾ.

“ಎಲ್ಲಿ ಮದುವಿ?”

“ಮಂಗಳೂರಾಗ್ರಿ, ನಮ್ಮ ಯಲಬುರ್ಗಿ ಕಡಿ ಹಳ್ಳಿ.”

ಮಾಸ್ತರು ಕುರ್ಚಿ ಎಳೆದು ಕುಳಿತರು. “ಆತು, ಕಾಯ್ತೀನಿ. ಮದುವಿ ಊಟಕ್ಕ ಬಂದಾಗ ನನ್ನೂ ಎಬ್ಬಸ್ರಿ.”

ನಾಲ್ಕು ತಲೆ

ಮುಂದೆ ಹೊಸ ಕಂಪ್ಯೂಟರ್ ಬಂತು. ಅದರ ಪ್ರೊಸೆಸರಿನಲ್ಲಿ ಬೇರೆ ಬೇರೆ ಕೆಲಸ ಒಟ್ಟಿಗೇ ಮಾಡಬಲ್ಲ ನಾಲ್ಕು ಕೋರ್. ಚಾಚಾ ಅವನ್ನು ‘ತಲಿ’ ಅನ್ನುತ್ತಿದ್ದರು. ನಾನು ಮೂರು ತಲೆ ಮದುವೆಗೆ ಕೊಟ್ಟು, ಒಂದನ್ನು ಚಿಲ್ಲರೆ ಕೆಲಸಕ್ಕೆ ಉಳಿಸಿಕೊಳ್ಳುತ್ತಿದ್ದೆ. ಮದುವೆ ವಿಡಿಯೊ ಮಾಡಿಸಲು ಬಂದಿದ್ದ ಕುಷ್ಟಗಿಯ ಬೀಗರೊಬ್ಬರಿಗೆ ಅದು ಗೊತ್ತಾಯಿತು.

“ನಮ್ದೇನು ಅರ್ಧಮರ್ಧ ಮದುವಿ ಏನೋ ತಮ್ಮಾ? ನಾಲ್ಕೂ ಹಚ್ಚು!”

ಹಚ್ಚಿದೆ. ಮೌಸೂ ಅಲುಗಾಡಲಿಲ್ಲ.

“ಯಾಕೋ, ನಿಂತ ಬಿಡ್ತಲ್ಲ?”

“ನಾಲ್ಕೂ ಮಂಟಪದಾಗ ಅದಾವ್ರಿ. ಇತ್ಲಾಗ ನೋಡವ್ರು ಯಾರೂ ಇಲ್ಲ.”

ಬೀಗರು ನಿಟ್ಟುಸಿರು ಬಿಟ್ಟರು. “ನಮ್ಮನ್ಯಾಗೂ ಹಿಂಗ ಆತು. ಎಲ್ಲಾರೂ ಅಕ್ಕಿಕಾಳು ಹಾಕಾಕ ಓಡಿದ್ರು. ನಾಯಿ ಅಡಗಿಮನಿ ಹೊಕ್ಕು ಹೋಳಿಗಿ ತಿಂತು.”

ಅಜ್ಜಿಯ ಬಸ್ಸು

ಒಬ್ಬ ಅಜ್ಜಿಗೆ ಕಾಲು ಮುರಿದು ಮೊಮ್ಮಗನ ಮದುವೆ ತಪ್ಪಿತ್ತು. ಕಾಲು ಕೂಡಿದ ಮೇಲೆ, ಹುಲಿಗೆಮ್ಮ ದೇವಿಗೆ ಹಣ್ಣುಕಾಯಿ ಮಾಡಿಸಿ, ಮಗನ ಜೊತೆ ಕೋಲೂರಿಕೊಂಡು ನೇರ ನಮ್ಮ ಅಂಗಡಿಗೆ ಬಂದಳು.

“ಬಸ್ ಬರೂದ್ರಾಗ ನನ್ನ ಮೊಮ್ಮಗನ ಮದುವಿ ತೋರಸಪ್ಪಾ. ಅದನ್ನ ನೋಡದೆ ಊರಿಗೆ ಹೋಗೂದಿಲ್ಲ.”

ವಿಡಿಯೊ ಇನ್ನೂ ಅರ್ಧಕ್ಕಿತ್ತು. ಚಾಚಾ ಉಳಿದ ಗಿರಾಕಿಗಳಿಗೆ ಕೈಮುಗಿದರು: “ಇವತ್ತು ಅಜ್ಜಿ ಕೆಲಸ ಮೊದಲ್ರಿ.” ಕಂಪ್ಯೂಟರಿನ ಶಕ್ತಿಯನ್ನೆಲ್ಲ ಅದೊಂದಕ್ಕೇ ಹಚ್ಚಿದೆ. ಕರೆಂಟು ಹೋಗದಿರಲೆಂದು ಎಲ್ಲರೂ ಉಸಿರು ಹಿಡಿದು ಕುಳಿತೆವು.

ವಿಡಿಯೊ ಮುಗಿಯಿತು, ಅಜ್ಜಿಗೆ ಹಾಕಿ ತೋರಿಸಿದೆ. ತಾಳಿ ಕಟ್ಟುವಾಗ ಅಜ್ಜಿ ಪರದೆಗೇ ಅಕ್ಕಿಕಾಳು ಹಾಕುವಂತೆ ಕೈ ಚಾಚಿ ಅತ್ತಳು. ಚಾಚಾ ಕೂಡ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಊಟದ ಪಂಕ್ತಿ ಬಂತು. ಅಜ್ಜಿ ಕೋಲು ಕುಟ್ಟಿದಳು.

“ನಿಲ್ಲಸು! ನನ್ನ ಇಳಕಲ್ ಸೀರಿ ಉಟ್ಟಾಕಿ ಯಾರಕಿ? ಟ್ರಂಕಿನಾಗ ಕೀಲಿ ಹಾಕಿಟ್ಟಿದ್ದೆ!”

ಪರದೆಯ ಮೇಲೆ ಅದೇ ಸೀರೆಯಲ್ಲಿ ಅಜ್ಜಿಯ ಹಿರಿ ಸೊಸೆ ನಗುತ್ತಿದ್ದಳು. ಮಗ ಬಾಗಿಲ ಕಡೆ ನೋಡಿದ. “ಯವ್ವಾ, ಬಸ್ ಬಂತು, ನಡಿ.”

“ಬಸ್ ಹೋಗ್ಲಿ ಬಿಡು,” ಅಂದಳು ಅಜ್ಜಿ, ಕುರ್ಚಿ ಮುಂದೆ ಎಳೆದುಕೊಂಡು. “ಇನ್ನೂ ಸಾವಕಾಶ ಮುಂದಕ್ಕ ಬಿಡಪ್ಪಾ. ಸೆರಗಿಗೆ ಸಾರು ಚೆಲ್ಲ್ಯಾಳೋ ಇಲ್ಲೋ ನೋಡೂಣು.”