ಬಂಬಿನ ಬೂದಿಗೆ ಮಾವನ ಆಯುಧಗಳು

ಬೆಂಕಿ ಹಚ್ಚುವುದರಲ್ಲಿ ಆಸಕ್ತಿ ಇರುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ನನ್ನ ಸೋದರಮಾವನ ಆಸಕ್ತಿ ಶುರುವಾಗುವುದೇ ಬೆಂಕಿ ಆರಿದ ಮೇಲೆ. ಬೂದಿ ತೆಗೆಯುವುದರಲ್ಲಿ ಕಲ್ಯಾಣದಿಂದ ಠಾಣೆಯವರೆಗೆ ಅವರನ್ನು ಮೀರಿಸುವವರಿಲ್ಲ ಎಂದು ನಾನು ಬರೆದುಕೊಡಬಲ್ಲೆ. ಸ್ಪರ್ಧೆಗೆ ಬೇರೆ ಯಾರೂ ಇಲ್ಲ ಎನ್ನುವುದು ಬೇರೆ ಮಾತು!

ಮಾವನ ಮನೆ ಡೊಂಬಿವಲಿಯ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿದೆ. ಹಿಂದಿನ ಗ್ಯಾಲರಿಯಲ್ಲಿ ಒಂದು ತಾಮ್ರದ ಬಂಬು. ಬಂಬು ಎಂದರೆ ಸ್ನಾನದ ನೀರು ಕಾಯಿಸುವ ದೊಡ್ಡ ಹೊಟ್ಟೆಯ ಪಾತ್ರೆ. ಹೊಟ್ಟೆಯ ನಡುವೆ ಒಂದು ಕೊಳವೆ, ಅದರೊಳಗೆ ಬೆಂಕಿ, ಅಡಿಯಲ್ಲಿ ಜಾಲರಿ, ಜಾಲರಿಯ ಕೆಳಗೆ ಬೂದಿ. ಮದುವೆಯಾದ ವರ್ಷ ಕೊಂಡದ್ದಂತೆ. ಠಾಣೆಯ ಕಾರ್ಖಾನೆಗಳ ಪ್ರದೇಶವಾದ ವಾಗ್ಳೆ ಎಸ್ಟೇಟಿನಲ್ಲಿ ಮಾವನದೊಂದು ಸಣ್ಣ ಹೋಟೆಲಿದೆ. ಚಟ್ನಿಗೆ ಒಡೆದ ತೆಂಗಿನಕಾಯಿಯ ಗೆರಟೆಗಳನ್ನು ಚೀಲಕ್ಕೆ ತುಂಬಿ ಲೋಕಲ್ ಟ್ರೇನಿನಲ್ಲಿ ತಂದು ಅವರು ಬಂಬಿಗೆ ಹಾಕುತ್ತಾರೆ. ಸಂಜೆಯ ಗಾಡಿಯಲ್ಲಿ ಮನುಷ್ಯನಿಗೇ ನಿಲ್ಲಲು ಜಾಗವಿಲ್ಲ, ಗೆರಟೆಗೆ ಯಾರು ಜಾಗ ಕೊಡುತ್ತಾರೆ? ಮಾವನ ಚೀಲಕ್ಕೆ ಕೊಡುತ್ತಾರೆ. ಅದು ಚುಚ್ಚುತ್ತದೆ!

ಹೋದ ವರ್ಷ ಅತ್ತೆಗೆ ಉಬ್ಬಸ ಶುರುವಾಯಿತು. ಡಾಕ್ಟರು, ಧೂಳು ಆಗದು, ಬೂದಿಯಂತೂ ಆಗಲೇಬಾರದು ಎಂದರು. ಹೊಗೆಗೇನೋ ಸೂರಿನ ಮೇಲಕ್ಕೆ ಹೋಗುವ ಕೊಳವೆ ಇತ್ತು. ಬೂದಿಗೆ ಏನೂ ಇರಲಿಲ್ಲ. ಬಚ್ಚಲಲ್ಲಿ ಗೀಸರ್ ಇದೆಯಲ್ಲ ಎಂದು ನಾನು ಹೇಳಿದ್ದಕ್ಕೆ, ಗೀಸರಿನ ನೀರು ಚರ್ಮದಿಂದ ಒಳಗೆ ಇಳಿಯುವುದಿಲ್ಲ ಎಂದು ಮಾವ ಉತ್ತರ ಕೊಟ್ಟರು. ಕೊನೆಗೆ ಅತ್ತೆ ತೀರ್ಪು ಹೇಳಿದರು. ಬೂದಿ ಹಾರದ ಹಾಗೆ ತೆಗೆಯಲು ಆದರೆ ಬಂಬು ಇರಲಿ, ಹಾರಿದರೆ ಗುಜರಿಗೆ.

ಅಂದಿನಿಂದ ಮಾವ ಮನುಷ್ಯರಾಗಿ ಉಳಿಯಲಿಲ್ಲ. ನಾನು ಸೀವುಡ್ಸ್‌ನಿಂದ ಭಾನುವಾರಗಳಂದು ಹೋಗುವವಳು. ಆದ್ದರಿಂದ ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಬಂದದ್ದು ಉದ್ದ ಹಿಡಿಯ ಸಟ್ಟುಗ. ಹೋಟೆಲಿನ ಪಕ್ಕದ ವರ್ಕ್‌ಶಾಪಿನವನಿಂದ ಸ್ಟೀಲಿನಲ್ಲಿ ಮಾಡಿಸಿದ್ದು. ದೂರ ನಿಂತು ತೆಗೆದರೆ ಬೂದಿ ಅಲುಗುವುದಿಲ್ಲ ಎನ್ನುವುದು ಮಾವನ ಸಿದ್ಧಾಂತ. ಅವರು ತಮ್ಮ ಎರಡೂ ತೋಳು ಚಾಚಿದ ಅಳತೆ ಕೊಟ್ಟಿದ್ದರು, ಗ್ಯಾಲರಿಯ ಅಳತೆ ಕೊಟ್ಟಿರಲಿಲ್ಲ. ಗ್ಯಾಲರಿ ಮೂರು ಅಡಿ, ಹಿಡಿ ಐದು ಅಡಿ. ಹೀಗಾಗಿ ಬಂಬು ಗ್ಯಾಲರಿಯಲ್ಲಿ, ಮಾವ ಅಡಿಗೆಮನೆಯಲ್ಲಿ! ಬೂದಿ ತುಂಬಿದ ಸಟ್ಟುಗವನ್ನು ತಿರುಗಿಸಲು ಜಾಗವಿಲ್ಲದೆ ಅವರು ಹಿಮ್ಮುಖವಾಗಿ ನಡೆದರು. ಅಡಿಗೆಮನೆ ದಾಟಿ, ಹಾಲ್ ದಾಟಿ, ಬಾಗಿಲು ದಾಟಿ ಮೆಟ್ಟಿಲ ಬಳಿಗೆ ಬಂದರು. ದಾರಿಯುದ್ದಕ್ಕೂ ನೆಲದ ಮೇಲೆ ಒಂದು ಬಿಳಿ ಗೆರೆ.

"ಹಾರಲಿಲ್ಲ, ನೋಡು," ಎಂದರು ಮಾವ.

"ಹೌದು," ಎಂದರು ಅತ್ತೆ, "ನಡೆದುಕೊಂಡು ಹೋಯ್ತು."

ಎರಡನೆಯ ಆಯುಧ ಮನೆಯಲ್ಲೇ ಇತ್ತು. ತಮ್ಮ ಮಗಳು ದೀಪಾವಳಿಗೆ ಕೊಟ್ಟಿದ್ದ ವ್ಯಾಕ್ಯೂಮ್ ಕ್ಲೀನರನ್ನು ಮಾವ ಅಟ್ಟದಿಂದ ಇಳಿಸಿದರು. ನಾನು ಅವರಿಂದ ಎರಡು ಮಾರು ದೂರದಲ್ಲಿದ್ದೆ. ಯಂತ್ರದ ಸೊಂಡಿಲು ಬೂದಿಯನ್ನು ಲಕ್ಷಣವಾಗಿ ಹೀರಿತು. ಆದರೆ ಗೆರಟೆಯ ಬೂದಿ ಎಷ್ಟು ನಯ ಎಂದರೆ ಒಳಗಿನ ಬಟ್ಟೆಯ ಚೀಲ ಅದನ್ನು ತಡೆಯಲಿಲ್ಲ. ಮುಂದಿನಿಂದ ಹೋದದ್ದು ಹಿಂದಿನಿಂದ ಬಂತು. ಹಿಂದೆ ಯಾರು? ಬೀನ್ಸ್ ಮುರಿಯುತ್ತಿದ್ದ ಅತ್ತೆ! ಅರೆಕ್ಷಣದಲ್ಲಿ ಅವರ ಹುಬ್ಬು ಸಹಿತ ಬೆಳ್ಳಗಾಯಿತು. ಅಷ್ಟರಲ್ಲಿ ಬಟ್ಟೆ ಸುಟ್ಟ ವಾಸನೆ. ಬೂದಿಯ ಜೊತೆ ಒಂದು ಕೆಂಡವೂ ಒಳಗೆ ಹೋಗಿತ್ತು. ನಾನು ಮೊದಲು ಪ್ಲಗ್ ಕಿತ್ತು, ಆಮೇಲೆ ನೀರು ಸುರಿದೆ. ಇದೇ ಕ್ರಮದಲ್ಲಿ ಮಾಡಿದ್ದಕ್ಕೆ ಇವತ್ತಿಗೂ ದೇವರಿಗೆ ಕೈಮುಗಿಯುತ್ತೇನೆ. ಅತ್ತೆ ಆ ದಿನ ಊಟದ ಹೊತ್ತಿನವರೆಗೂ ಕೆಮ್ಮಿದರು. ಮಾವ ಊಟ ಮಾಡಲಿಲ್ಲ.

ಅತ್ತೆ ಕೊನೆಯದಾಗಿ ಇನ್ನೊಂದು ಅವಕಾಶ ಕೊಟ್ಟರು. ತಾನೇ ಬಂಬಿನ ಪಕ್ಕ ಕುಳಿತುಕೊಳ್ಳುತ್ತೇನೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದಿಲ್ಲ, ಒಂದು ಸಲ ಕೆಮ್ಮಿದರೂ ಬಂಬು ಹೋಗಬೇಕು ಎಂದರು.

ಮಾವ ಮೂರು ವಾರ ತೆಗೆದುಕೊಂಡರು. ಈ ಸಲ ಮಾಡಿಸಿದ್ದು ಜಾಲರಿಯ ಅಡಿಗೆ ತೂರಿಸುವ ಒಂದು ಟ್ರೇ. ಎಳೆದ ಹಾಗೆಲ್ಲ ಅದರ ಮೇಲೆ ಮುಚ್ಚಳ ತಾನಾಗಿ ಸರಿದು ಬರುತ್ತಿತ್ತು. ಬೂದಿಯನ್ನು ಇಡೀ ರಾತ್ರಿ ಆರಲು ಬಿಟ್ಟಿದ್ದರು. ವರ್ಕ್‌ಶಾಪಿನವನು, "ಅಣ್ಣಾ, ಬ್ಯಾಂಕಿನ ಲಾಕರ್ ಕ್ಯಾ?" ಎಂದು ಕೇಳಿದ್ದನಂತೆ.

ಪರೀಕ್ಷೆಯ ದಿನ ಅತ್ತೆ ಸ್ಟೂಲಿನ ಮೇಲೆ ಕುಳಿತರು. ಮಾವ ಬಗ್ಗಿ ಟ್ರೇ ಎಳೆದರು, ಮಲಗಿದ ಮಗುವಿನ ಕೆಳಗಿನಿಂದ ಬಟ್ಟೆ ತೆಗೆಯುವಷ್ಟು ನಿಧಾನವಾಗಿ. ಅರ್ಧಕ್ಕೆ ಬಂದಾಗ ಮುಚ್ಚಳ ಒಂದು ಕಡೆ ಸಿಕ್ಕಿಕೊಂಡಿತು. ಆ ಸಂದಿಯಿಂದ ಊದುಬತ್ತಿಯ ಹೊಗೆಯಷ್ಟು ಬೂದಿ ಎದ್ದಿತು. ಬಗ್ಗಿದ್ದ ಮಾವನಿಗೆ ಅದು ಕಾಣಲಿಲ್ಲ. ನನಗೆ ಕಂಡಿತು. ಅದು ಎಲ್ಲಿಗೆ ಹೋಯಿತೆಂಬುದೂ ಕಂಡಿತು. ಅತ್ತೆಯ ಮುಷ್ಟಿಯೊಳಗೆ ಸೆರಗು ಮುದ್ದೆಯಾಯಿತು. ಕತ್ತಿನ ನರ ಉಬ್ಬಿತು. ಕಣ್ಣಲ್ಲಿ ನೀರು ನಿಂತಿತು.

ಅತ್ತೆ ಕೆಮ್ಮಲಿಲ್ಲ.

ಮಾವ ತಲೆಯೆತ್ತಿ, "ಎಂಥ?" ಎಂದರು. ಅತ್ತೆ ಸರಿ ಎಂಬಂತೆ ತಲೆಯಾಡಿಸಿದರು. ಮಾವ ಟ್ರೇಯನ್ನು ಎರಡೂ ಕೈಯಲ್ಲಿ ಹಿಡಿದು, ಗೆದ್ದ ಕಪ್ ಒಯ್ಯುವವರಂತೆ, ಕೆಳಗಿನ ಕರಿಬೇವಿನ ಗಿಡಕ್ಕೆ ಸುರಿಯಲು ಹೋದರು. ಚಪ್ಪಲಿಯ ಸದ್ದು ಇಳಿದು ದೂರವಾದ ಮೇಲೆ ಅತ್ತೆ ಎದ್ದು ಬಚ್ಚಲಿಗೆ ಹೋಗಿ ನಲ್ಲಿಯನ್ನು ಪೂರ್ತಿ ಬಿಟ್ಟರು. ಬಹಳ ಹೊತ್ತು ಕೆಮ್ಮಿದರು. ಹೊರಗೆ ಬಂದು ಮುಖ ಒರೆಸಿಕೊಳ್ಳುತ್ತ ಹೇಳಿದರು:

"ಅವರಿಗೆ ಹೇಳ್ಬೇಡ ಆಯ್ತಾ. ಇಷ್ಟು ವರ್ಷದಲ್ಲಿ ಆ ಮನುಷ್ಯ ತನಗೆ ಅಂತ ಇಟ್ಕೊಂಡದ್ದು ಅದೊಂದೇ."

ಮುಂದಿನ ಭಾನುವಾರ ಹೋದಾಗ ಗ್ಯಾಲರಿ ಖಾಲಿಯಾಗಿತ್ತು. ಬಂಬಿನ ತಳ ತೂತು ಬಿದ್ದಿತಂತೆ, ರಿಪೇರಿಗೆ ಆಗದಂತೆ, ಯಾರಿಗೋ ಕೊಟ್ಟರಂತೆ. ಪರೀಕ್ಷೆಯಲ್ಲಿ ಪಾಸಾದ ಮೇಲೆ ಹೀಗಾಯಿತಲ್ಲ, ಪಾಪ, ಎಂದು ಅತ್ತೆ ಮರುಗಿದರು. ಆ ಬಂಬಿನ ತಳವನ್ನು ನಾನು ಹತ್ತಿರದಿಂದ ನೋಡಿದ್ದೆ. ಇನ್ನೂ ಎರಡು ತಲೆಮಾರು ಬಾಳುವಷ್ಟು ಗಟ್ಟಿ.

ಸಂಜೆ ಮಾವ ಸ್ಟೇಷನ್ನಿಗೆ ಬಿಡಲು ಬಂದರು. ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕುಳಿತಾಗ, ತೂತು ಎಲ್ಲಿ ಬಿದ್ದಿತ್ತು ಎಂದು ಕೇಳಿದೆ. ಅವರು ಹಳಿಗಳ ಕಡೆ ನೋಡುತ್ತಿದ್ದರು.

"ತೂತೂ ಇಲ್ಲ, ಎಂಥದೂ ಇಲ್ಲ. ಆವತ್ತು ಬೂದಿ ಸುರಿದು ಮೇಲೆ ಬರುವಾಗ ಮೆಟ್ಟಿಲಲ್ಲೇ ನಿಂತಿದ್ದೆ. ನಲ್ಲಿ ಬಿಟ್ರೆ ಅವಳ ಕೆಮ್ಮು ನನಗೆ ಕೇಳುವುದಿಲ್ಲವಾ ಮಾರಾಯ್ತಿ?"

ನನ್ನ ಕಡೆ ತಿರುಗಿ, "ಅವಳಿಗೆ ಹೇಳ್ಬೇಡ. ನನ್ನನ್ನು ಪಾಸು ಮಾಡಿದೆ ಅಂತ ಖುಷಿಯಲ್ಲಿದ್ದಾಳೆ," ಎಂದರು.

ಗಾಡಿ ಬಂತು. ಎದುರಿಗೇ ನಿಂತ ಡಬ್ಬಿಯಲ್ಲಿ ಕಿಟಕಿಯ ಪಕ್ಕದ ಸೀಟು ಖಾಲಿ ಇತ್ತು. ಇದೂ ನಾನು ಕಣ್ಣಾರೆ ಕಂಡದ್ದು. ಏಳಲಿಲ್ಲ. ಮುಂದಿನದಕ್ಕೆ ಹೋಗುತ್ತೇನೆ ಮಾವ, ಎಂದೆ.