ಭೂಕಂಪದ ಪಾಠ ತಿದ್ದಲು ಹೊರಟ ಮಾವ

ದೇವರನ್ನು ನಂಬದವರಿದ್ದಾರೆ, ಡಾಕ್ಟರನ್ನು ನಂಬದವರಿದ್ದಾರೆ. ಕಾಲ ಕೆಳಗಿನ ನೆಲವನ್ನೇ ನಂಬದವರನ್ನು ನೀವು ಕಂಡಿದ್ದೀರಾ? ಇಲ್ಲವಾದರೆ ಮಾಂಬಳ್ಳಿಗೆ ಬನ್ನಿ, ನಮ್ಮ ಸೋದರಮಾವನನ್ನು ತೋರಿಸುತ್ತೇನೆ!

ಮಾವ ಭೂಗೋಳದ ಮೇಷ್ಟ್ರಾಗಿದ್ದವರು. ಕೊಳ್ಳೇಗಾಲ, ಹನೂರು, ಯಳಂದೂರು ಅಂತ ವರ್ಗವಾದ ಕಡೆಯೆಲ್ಲ ಗೋಡೆಗೆ ಭೂಕಂಪದ ನಕ್ಷೆ ತಗುಲಿಹಾಕಿ, ನಮ್ಮ ಸೀಮೆಯ ಮೇಲೆ ಕೋಲಿಟ್ಟು, “ಇಲ್ಲಿ ಭೂಮಿ ಅಲ್ಲಾಡಲ್ಲ, ಬರ್ಕೊಳ್ಳಿ” ಎನ್ನುತ್ತಿದ್ದರು. ಮಕ್ಕಳು ಬರೆದುಕೊಂಡರು. ಮಾವ ನಿವೃತ್ತರಾದರು. ಅತ್ತೆ ತೀರಿಕೊಂಡ ಮೇಲೆ ಅವರಿಗೆ ಉಳಿದ ಜೊತೆಯೆಂದರೆ ದಿನಪತ್ರಿಕೆ. ಅದನ್ನವರು ಶ್ರದ್ಧಾಂಜಲಿಯ ಜಾಹೀರಾತನ್ನೂ ಬಿಡದೆ ಓದುತ್ತಿದ್ದರು.

ಒಂದು ಬೆಳಗ್ಗೆ ಅದರಲ್ಲೊಂದು ಸುದ್ದಿ ಕಣ್ಣಿಗೆ ಬಿತ್ತು. ಭೂಮಿಯೊಳಗೆ ಇನ್ನೂ ಸರಿದಾಡುತ್ತಿರುವ ಬಿರುಕುಗಳ ಬಗ್ಗೆ ಹೊಸ ಸಂಶೋಧನೆ ನಡೆದಿದೆಯಂತೆ. ಅದನ್ನು ಸೇರಿಸಿಕೊಂಡು ಭೂಕಂಪದ ನಕ್ಷೆಯನ್ನೇ ತಿದ್ದುತ್ತಾರಂತೆ. ನಮ್ಮೂರಿನ ಹೆಸರು ಆ ಸುದ್ದಿಯಲ್ಲಿ ಎಲ್ಲೂ ಇರಲಿಲ್ಲ. ಇದ್ದರೆಷ್ಟು, ಬಿಟ್ಟರೆಷ್ಟು? ಮಾವ ಎರಡು ದಿನ ನೆಟ್ಟಗೆ ಊಟ ಮಾಡಲಿಲ್ಲ. ಮೂರನೆಯ ದಿನ ನನಗೆ ಬುಲಾವ್ ಬಂತು.

“ಲೇ, ಬೈಕ್ ತಕ್ಕಂಡ್ ಬಾ. ಗೊತ್ತಿಲ್ದೆ ಇರೋದ್ನ ಗೊತ್ತು ಅಂತ ಪಾಠ ಮಾಡ್ಬುಟ್ಟಿವ್ನಿ. ಉಡುಗ್ರಿಗೆಲ್ಲ ಹೇಳ್ಬೇಕು.”

“ಯಾವ ಹುಡುಗ್ರು ಮಾವ? ಅವರಿಗೆಲ್ಲ ಮೊಮ್ಮಕ್ಕಳಾಗವೆ!”

“ಆಗ್ಲಿ. ಮೊಮ್ಮಕ್ಕಳ ಮುಂದ್ಲೇ ಹೇಳ್ತೀನಿ.”

ಕುಂತೂರಿನ ಹತ್ತಿರ ಮಾವ ಬೈಕಿನಿಂದಿಳಿದು ಕಬ್ಬು ತುಂಬಿದ ಟ್ರಾಕ್ಟರಿಗೆ ಅಡ್ಡ ನಿಂತರು. ಓಡಿಸುತ್ತಿದ್ದವನು ಹಳೆಯ ಶಿಷ್ಯ. ಗಾಬರಿಯಿಂದ ಇಳಿದು ಬಂದ.

“ಭೂಕಂಪದ ಬಗ್ಗೆ ನಾನು ಹೇಳ್ಕೊಟ್ಟಿದ್ದು ತಪ್ಪು ಕಣ್ಲಾ. ಮರ್ತುಬುಡು.”

“ಯೋಚ್ನೆ ಮಾಡ್ಬ್ಯಾಡಿ ಸಾ, ನೀವು ಹೇಳ್ಕೊಟ್ಟಿದ್ದು ಒಂದೂ ಗ್ಯಾಪ್ಕ ಇಲ್ಲ!”

ಹಿಂದೆ ನಿಂತಿದ್ದ ಬಸ್ಸಿನವರೆಲ್ಲ ನಕ್ಕರು. ಮಾವ ನಗಲಿಲ್ಲ.

ಅಗರದಲ್ಲಿ ಇನ್ನೊಬ್ಬ ಶಿಷ್ಯನ ಗೃಹಪ್ರವೇಶ. ಬಂದವರೆಲ್ಲ ಮನೆ ನೂರು ಕಾಲ ನಿಲ್ಲಲಿ ಅಂತ ಹರಸುತ್ತಿದ್ದರೆ, ನಮ್ಮ ಮಾವ ಕಂಬವನ್ನು ಬೆರಳಿನಿಂದ ಕುಟ್ಟಿ, “ಒಳಗೆ ಕಂಬಿ ಎಷ್ಟು ಹಾಕ್ಸಿದ್ಯಪ್ಪ?” ಎಂದರು! ಶಿಷ್ಯನ ತಾಯಿ ಮುಖ ತಿರುಗಿಸಿಕೊಂಡು ಒಳಗೆ ಹೋದರು. ಹೋಳಿಗೆಯ ವಾಸನೆ ಮಾತ್ರ ಕುಡಿದುಕೊಂಡು ನಾವು ವಾಪಸಾದೆವು. ಊರಲ್ಲಿ ಮಾವನಿಗೆ ತಲೆ ಕೆಟ್ಟಿದೆ ಎಂದರು. ನಾನೂ ಸುಮಾರಾಗಿ ಹಾಗೇ ಅಂದುಕೊಂಡೆ.

ಒಂದು ದಿನ ಹನೂರಿನ ರಸ್ತೆಯಲ್ಲಿ ಬಂಡೆಗಳನ್ನು ಅಳೆಯುತ್ತಿದ್ದ ಹೆಣ್ಣುಮಗಳೊಬ್ಬಳು ಸಿಕ್ಕಳು. ನೆಲದ ಬಿರುಕುಗಳನ್ನು ಅಧ್ಯಯನ ಮಾಡಲು ಬಂದವಳು. ಮಾವ ಕೈಮುಗಿದು, “ನಮ್ಮ ಸೀಮೆ ಅಲ್ಲಾಡ್ತದಾ ತಾಯಿ?” ಎಂದರು.

“ಗೊತ್ತಿಲ್ಲ ಸರ್. ಇನ್ನೂ ನೋಡ್ತಾ ಇದ್ದೀವಿ.”

ಮಾವ ರಸ್ತೆಬದಿಯ ಕಲ್ಲಿನ ಮೇಲೆ ಕುಳಿತರು. ನನ್ನನ್ನು ಹತ್ತಿರ ಕರೆದು ಹೇಳಿದರು: ಇಲ್ಲೇ ಹತ್ತಿರದ ಹಳ್ಳಿಯ ಹುಡುಗಿಯೊಬ್ಬಳು ಒಂಬತ್ತನೆಯ ಕ್ಲಾಸಿನ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ “ಯಾರಿಗೂ ಗೊತ್ತಿಲ್ಲ” ಎಂದು ಬರೆದಿದ್ದಳು. ಮಾವ ಸೊನ್ನೆ ಕೊಟ್ಟಿದ್ದರು. ಒಂದೇ ಅಂಕಕ್ಕೆ ಫೇಲಾಗಿ ಅವಳು ಶಾಲೆ ಬಿಟ್ಟಳು.

ಕೇಳಿಕೊಂಡು ಅವಳ ಮನೆಗೆ ಹೋದೆವು. ಅವಳ ತಾಯಿ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದರು.

“ಅವ್ಳು ಓಗಿ ಬೋ ವರ್ಸ ಆಯ್ತು ಸಾ. ಜರ ಬಂದಿತ್ತು. ಉಳೀನಿಲ್ಲ.”

ಮಾವ ಹಿಂತಿರುಗುತ್ತಾರೆ ಅಂದುಕೊಂಡೆ. ಅವರು ಜಗಲಿಯ ಕೆಳಗೆ ನಿಂತೇ, ಹೆಡ್‌ಮಾಸ್ಟರ ಮುಂದೆ ನಿಂತವರ ಹಾಗೆ, ಎಲ್ಲವನ್ನೂ ಒಪ್ಪಿಸಿದರು. ಪ್ರಶ್ನೆ, ಉತ್ತರ, ಸೊನ್ನೆ, ಹೊಸ ನಕ್ಷೆ. “ನಿನ್ನ ಮಗಳು ಬರ್ದಿದ್ದೇ ಸರಿ ಕಣವ್ವ. ನಂದು ತಪ್ಪು.”

ಆಕೆ ಮೊರ ಕೆಳಗಿಟ್ಟರು. ನಕ್ಷೆಯ ವಿಷಯ ಎಷ್ಟು ತಿಳಿಯಿತೋ ಏನೋ.

“ಅಂಗಾರೆ ಪಾಸಾದ್ಲಾ ಸಾ?”

ಮಾವ ಕೈಮುಗಿದರು. “ಪಾಸಾದ್ಲು ಕಣವ್ವ.”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ತಟ್ಟನೆ ಎದ್ದು ಅಂಗಳಕ್ಕಿಳಿದರು.

“ಓಗ್ಬ್ಯಾಡಿ ಸಾ, ಒಸಿ ಇರಿ. ಅವರಪ್ಪ ಒಲ್ದಲ್ಲವ್ರೆ, ಕರ್ಕಂಡ್ ಬತ್ತೀನಿ. ಅವರ್ಗೂ ಒಂದ್ಸತಿ ಹೇಳ್ಬುಡಿ.”