ಯಾರಿಗೆ ಯಾವ ಆ್ಯಪ್: ನನ್ನ ಮಾತು ಕೇಳದವರು

ತಪ್ಪು ಮಾಡುವುದು ಬೇರೆಯವರು, ಬೈಗುಳ ತಿನ್ನುವುದು ನಾನು. ತಿಂಗಳಿಗೆ ಎರಡು ಸಲವಾದರೂ ಇದು ಆಗಿಯೇ ಆಗ್ತದೆ. ಮಂಗಳೂರಿನ ಅಂಗಡಿ, ಹೋಟೆಲುಗಳ ಸೋಶಿಯಲ್ ಮೀಡಿಯಾ ಪೇಜು ನೋಡಿಕೊಳ್ಳುವುದು ನನ್ನ ಕೆಲಸ. ಯಾರಿಗೆ ಯಾವ ಆ್ಯಪ್ ಹೊಂದುತ್ತದೆ ಅಂತ ಮುಖ ನೋಡಿಯೇ ಹೇಳುವವ ನಾನು. ದನ ಮೇಯಿಸಿ ಬೆಳೆದವನಿಗೆ ಇಷ್ಟು ಬುದ್ಧಿ ಎಲ್ಲಿಂದ ಬಂತು ಅಂತ ಪೇಟೆಯವರಿಗೆ ಹೊಟ್ಟೆಯುರಿ.

ಹೋಟೆಲಿನ ಪೇಜು

ದೇರೆಬೈಲಿನ ಹೋಟೆಲ್ ಧಣಿಗಳು ದೊಡ್ಡ ಮನೆತನದವರು. ಹೋಟೆಲಿಗೆ ಒಂದು ಪೇಜು, ಮನೆಯ ಸುದ್ದಿಗೆ ಬೇರೊಂದು ಅಂತ ಬಿಡಿಸಿ ಹೇಳಿದ್ದೆ. "ಹೋಟೆಲ್ ನನ್ನದೇ ಅಲ್ಲವಾ? ಎರಡೆರಡು ಎಂತಕ್ಕೆ?" ಅಂದರು. ಪೇಜಿನಲ್ಲಿ ಯಾರು ಎಂತ ಬರೆದರೂ ತಾನಾಗಿಯೇ ಉತ್ತರ ಹೋಗುವ ಏರ್ಪಾಡು ಮಾಡಿಟ್ಟಿದ್ದೆ. ಅದನ್ನು ನನ್ನಷ್ಟು ಚೆಂದ ಮಾಡುವವ ಈ ಊರಲ್ಲಿ ಇಲ್ಲ.

ಮರುವಾರ ಧಣಿಗಳ ಮಾವ ತೀರಿಕೊಂಡರು. ಧಣಿಗಳು ಅವರ ಫೋಟೋವನ್ನು ಹೋಟೆಲ್ ಪೇಜಿಗೇ ಹಾಕಿದರು. ನೆಂಟರೆಲ್ಲ ಕೆಳಗೆ 'ಓಂ ಶಾಂತಿ' ಬರೆದರು. ಒಬ್ಬೊಬ್ಬರಿಗೂ ಉತ್ತರ ಹೋಯಿತು: 'ಧನ್ಯವಾದ. ಮುಂದಿನ ಸಲ ಕುಟುಂಬ ಸಮೇತ ಬನ್ನಿ.'

ನನ್ನ ಕೆಲಸ ಹೋಯಿತು. ಉತ್ತರಕ್ರಿಯೆಯ ಊಟಕ್ಕೆ ನೆಂಟರು ಕುಟುಂಬ ಸಮೇತವೇ ಬಂದಿದ್ದರಂತೆ. ಅದಕ್ಕೆ ಯಾರೂ ನನಗೊಂದು ಥ್ಯಾಂಕ್ಸ್ ಹೇಳಲಿಲ್ಲ.

ಮೂರು ದಿನದ ಅಂಜಲ್

ಅಂಗಡಿಯವರು ಮೊದಲೇ ಬಿಟ್ಟಿದ್ದರು; ಉಳಿದದ್ದು ಬೆಂಗ್ರೆಯ ಬೋಟ್ ಯಜಮಾನರು ಒಬ್ಬರೇ. ಅವರೂ ಬಿಟ್ಟರೆ ಗಂಟು ಕಟ್ಟಿ ಹಳ್ಳಿಗೆ ವಾಪಸ್. ಅಲ್ಲಿಯೋ, ಮಂಗಳೂರಿನ ಮೀನು ವ್ಯಾಪಾರ ನನ್ನ ಬೆರಳಲ್ಲಿ ಉಂಟು ಅಂತ ಹೇಳಿಯಾಗಿತ್ತು. ಬಂದರಿನಲ್ಲಿ ಏಲಂ ಕೂಗಿ ಮಾರುವ ಬದಲು ಮೀನನ್ನು ನೇರ ಮನೆಗಳಿಗೆ ಮಾರುವುದು ಯಜಮಾನರ ಆಸೆ. "ಸ್ವಲ್ಪ ಸಮಯ ನೋಡುವ. ನನಗೆ ಹೊಂದದಿದ್ದರೆ ನೀನೂ ಬೇಡ," ಅಂದಿದ್ದರು.

ಒಂದು ಅಂಜಲ್ ಮೀನಿನ ಫೋಟೋ ತೆಗೆದೆ. ಮದುಮಗಳ ಹಾಗೆ ಬಂದಿತ್ತು. ಅಷ್ಟು ಚೆಂದದ್ದನ್ನು ಒಂದೇ ದಿನಕ್ಕೆ ಬಿಡಲಿಕ್ಕಾಗ್ತದಾ? ಮೂರು ದಿನ ಅದನ್ನೇ ಹಾಕಿದೆ. ಮೊದಲ ದಿನ ಆರ್ಡರ್ ಬಂತು, ಮರುದಿನ ಕಡಿಮೆಯಾಯಿತು. ಮೂರನೇ ದಿನ ಒಬ್ಬ ಅಕ್ಕ ಫೋನ್ ಮಾಡಿದರು: "ಆ ಮೀನು ಮೊನ್ನೆಯಿಂದ ಅಲ್ಲೇ ಬಿದ್ದುಕೊಂಡು ಉಂಟಲ್ಲ ಮಾರಾಯ. ಅರ್ಧ ಕ್ರಯಕ್ಕೆ ಕೊಡ್ತೀರಾ? ನಮಗಲ್ಲ, ಬೆಕ್ಕಿಗೆ."

ಮಳೆಗಾಲದ ವಿಡಿಯೋ

ಯಜಮಾನರು ಇನ್ನೊಂದು ಅವಕಾಶ ಕೊಟ್ಟರು. ದಿನಕ್ಕೊಂದು ಹೊಸ ವಿಡಿಯೋ ಬೇಕು ಅಂತ ಕಟ್ಟುನಿಟ್ಟು. ಮೇ ತಿಂಗಳಲ್ಲೇ ರಾಶಿ ತೆಗೆದು, ದಿನಕ್ಕೊಂದು ತಾನಾಗಿಯೇ ಬೀಳುವ ಹಾಗೆ ಇಟ್ಟೆ. ಜೂನ್, ಜುಲೈಯಲ್ಲಿ ಇಂಜಿನ್ ಬೋಟು ಕಡಲಿಗಿಳಿಯಲು ನಿಷೇಧ ಉಂಟಂತೆ. ಹಳ್ಳಿಯ ಹೊಳೆಯಲ್ಲಿ ಗಾಳ ಹಾಕಿ ಮಾತ್ರ ಗೊತ್ತಿದ್ದ ನನಗೆ ಯಾರಾದರೂ ಹೇಳಬೇಕಲ್ಲ? ಹೇಳಲಿಲ್ಲ. ಬೋಟನ್ನು ದಡದಲ್ಲಿ ಕಟ್ಟಿಹಾಕಿರುವಾಗ ಪೇಜಿನಲ್ಲಿ ಅದೇ ಬೋಟಿನ ತುಂಬ ಬಂಗುಡೆ, ಮೇಲೆ 'ಈಗಷ್ಟೇ ಕಡಲಿನಿಂದ' ಎಂಬ ಬರಹ. ಬೋಟಿನ ನಂಬರ್ ಕನ್ನಡಿಯ ಹಾಗೆ ಸ್ಪಷ್ಟ. ನನ್ನ ವಿಡಿಯೋ ಅಂದರೆ ಹಾಗೆಯೇ.

ಮೀನುಗಾರಿಕೆ ಇಲಾಖೆಯ ಆಫೀಸಿಗೆ ಬರಬೇಕಂತ ನಮ್ಮಿಬ್ಬರಿಗೂ ಕರೆ ಬಂತು. ಬೋಟಿನ ಲೈಸೆನ್ಸಿಗೇ ಕುತ್ತು. ಯಜಮಾನರು ಕೈಮುಗಿದು, ಅದು ಮೇ ತಿಂಗಳದ್ದು, ಈ ಪೇಜನ್ನು ಯಾರೂ ನೋಡುವುದೂ ಇಲ್ಲ ಅಂದರು. ಆಫೀಸರ್ ಪೆನ್ನು ಕೆಳಗಿಟ್ಟು, ಹಾಗಾದರೆ ಅಳಿಸಿಬಿಡಿ ಅಂದರು.

ನನಗೆ ಸಹಿಸಲಿಕ್ಕಾಗಲಿಲ್ಲ. "ಯಾರೂ ನೋಡುವುದಿಲ್ಲ ಅಂದರೆ ಎಂತ ಸರ್? ಉಳ್ಳಾಲದಿಂದ ಕುಂದಾಪುರದವರೆಗೆ ನೋಡಿದ್ದಾರೆ."

ಆಫೀಸರ್ ಪೆನ್ನು ಪುನಃ ಎತ್ತಿಕೊಂಡರು. ಯಜಮಾನರು ನನ್ನ ಕಾಲು ತುಳಿದರು.

ವಿಡಿಯೋ ತೆಗೆದ ತಾರೀಕನ್ನು ಫೋನಿನಲ್ಲಿ ತೋರಿಸಿದ ಮೇಲೆ ಆಫೀಸರ್ ನಂಬಿದರು. ಆದರೆ ಬರೆದುಕೊಡಬೇಕಂತೆ. ಯಜಮಾನರು ಹೇಳಿದರು, ನಾನು ಬರೆದೆ: 'ನಾನು ಹಾಕುವ ವಿಡಿಯೋಗಳು ಹಳೆಯವು. ಅವನ್ನು ಯಾರೂ ನೋಡುವುದಿಲ್ಲ. ನೋಡಿದವರೂ ನಂಬುವುದಿಲ್ಲ.' ಕೆಳಗೆ ನನ್ನ ಸಹಿ. ಲೈಸೆನ್ಸ್ ಉಳಿಯಿತು.

ಬೆಂಗ್ರೆಗೆ ದಾಟುವ ದೋಣಿಯಲ್ಲಿ ಯಜಮಾನರು ಆ ಕಾಗದದ ಫೋಟೋವನ್ನು ತಮ್ಮ ಸ್ಟೇಟಸ್‌ಗೆ ಹಾಕಿದರು. ಆಚೆ ದಡ ಮುಟ್ಟುವುದರೊಳಗೆ ಅರ್ಧ ಬೆಂಗ್ರೆ ನೋಡಿ ನಗುತ್ತಿತ್ತು. ಇಬ್ಬರು ಒಣಮೀನು ಉಂಟಾ ಅಂತಲೂ ಕೇಳಿದರು.

"ನೋಡು ಮಾರಾಯ," ಅಂದರು ಯಜಮಾನರು, "ನನಗೆ ಹೊಂದುವ ಆ್ಯಪ್ ಇದು. ಇದಕ್ಕೆ ನೀನು ಬೇಡ, ನಿನ್ನ ಸಹಿ ಇದ್ದರೆ ಸಾಕು."